ಎದೆಯೊಳಗಿನ ಹಾಯಿ

ಸಾಂಬ್ರಾಣಿ ಹೊಗೆ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಹರಳೆಣ್ಣೆ, ಒಣಗದ ಹತ್ತಿಬಟ್ಟೆ. ಇವೆಲ್ಲ ಒಟ್ಟಿಗೆ ಮೂಗಿಗೆ ಬಂದರೆ ಗೋದಾಳಿಗೆ ಇವತ್ತಿಗೂ ಐದೇ ವರ್ಷ. ಬಾಣಂತಿ ಕೋಣೆಯ ಹೊಸ್ತಿಲಾಚೆ ನಿಂತಿದ್ದಾಳೆ. ಒಳಗೆ ಬರಬೇಡ ಎಂದು ಯಾರೂ ಗದರಿಸಿದ್ದಲ್ಲ, ಬಾ ಎಂದು ಕರೆದವರೂ ಇಲ್ಲ. ಅಜ್ಜಿ ಕಾಲು ಚಾಚಿ ಕೂತು ಪುಟ್ಟ ತಮ್ಮ ವೇಣುಗೋಪಾಲನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಳೆ. ನೋಡಲು ಬಂದ ನೆಂಟರ ಮುಂದೆ ಅವನ ಅಂಗಾಲಿಗೆ ಬೆರಳಿನಿಂದ ಟಪ್ಪೆಂದು ಒಂದು ಚಿಟಿಕೆ ಹೊಡೆಯುತ್ತಾಳೆ. ಕೂಸು ಕೆಂಪಗಾಗಿ, ಮೈಯೆಲ್ಲ ಸೆಟೆದು ಕಿರುಚುತ್ತದೆ. "ಅಬ್ಬಬ್ಬ, ಎಂಥ ಗಂಟಲು! ಗಟ್ಟಿ ಕೂಸು ಕಣೇ," ಎಂದು ನೆಂಟರು ನಗುತ್ತಾರೆ. ಅಮ್ಮನ ಮುಖ ಅರಳುತ್ತದೆ. ಹೊಸ್ತಿಲಲ್ಲಿ ನಿಂತ ಹುಡುಗಿ ತನ್ನ ಅಂಗಾಲನ್ನು ನೆಲಕ್ಕೆ ಉಜ್ಜಿಕೊಳ್ಳುತ್ತಾಳೆ. ತಾನು ಅತ್ತರೆ ಯಾರೂ ಹಾಗೆ ಅನ್ನುವುದಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

ಆ ವಾಸನೆ ಇವತ್ತು ಬಂದದ್ದು ಯಶವಂತಪುರದ ಆಸ್ಪತ್ರೆಯ ವರಾಂಡದಲ್ಲಿ, ಫಿನಾಯಿಲ್ ವಾಸನೆಯನ್ನು ಸೀಳಿಕೊಂಡು. ಹೆಸರಘಟ್ಟದ ಕಡೆಯ ಮುನಿವೆಂಕಟಯ್ಯ ಬೆಂಚಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಹೊಸ ಮೊರ, ಮೊರದಲ್ಲಿ ಸಾಂಬ್ರಾಣಿ ಹೊಗೆ ಹಿಡಿಸಿ ಮಡಿಚಿದ ಹಳೆ ಸೀರೆ. ದಿನ ತುಂಬುವ ಮೊದಲೇ ಹುಟ್ಟಿ ಇಷ್ಟು ದಿನ ಇಲ್ಲೇ ಇದ್ದ ಮೊಮ್ಮಗಳು ಇವತ್ತು ಮನೆಗೆ ಹೋಗಬೇಕು. ಮೊದಲ ಸಲ ಮನೆಯ ಬಾಗಿಲು ದಾಟುವ ಮಗು ಮೊರದಲ್ಲೇ ದಾಟಬೇಕಂತೆ. ಕಳುಹಿಸುತ್ತೇನೆ ಎಂದು ನಿನ್ನೆ ಮಾತು ಕೊಟ್ಟವಳು ಗೋದಾಳೇ. ಅವನು ಎದ್ದು ನಿಂತು, "ಎಂಗೈತೆ ಡಾಕ್ಟ್ರಮ್ಮ ನಮ್ಮ ಕೂಸು? ಅಟ್ಟಿಗೆ ಕರ್ಕೊಂಡ್ ಓಗಣವಾ?" ಎಂದ. "ಹೋಗೋಣಂತೆ ಇರಿ, ನೋಡಿ ಬರ್ತೀನಿ," ಎಂದು ಗೋದಾ ನಕ್ಕಳು. ಆರ್.ಟಿ. ನಗರದಿಂದ ಬಂದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬಂದಿದ್ದರಿಂದ ಸೊಂಟ ನೋಯುತ್ತಿತ್ತು. ಆದರೂ ಮನಸ್ಸು ಹಗುರವಾಗಿತ್ತು. ಅವಧಿಗೆ ಮೊದಲು ಹುಟ್ಟಿದ ಮಗುವನ್ನು ಮನೆಗೆ ಕಳಿಸುವ ಬೆಳಗುಗಳು ಅವಳ ಪಾಲಿಗೆ ಹಬ್ಬ. ವಾರ್ಡಿನ ಅರೆಬಾಗಿಲು ತಳ್ಳಿದಾಗ ಆ ಹಗುರ ಅಲ್ಲೇ ಇಳಿದುಹೋಯಿತು. ಹಿರಿಯ ಡಾಕ್ಟರ್ ಸೇತುರಾಮ ಆಗಲೇ ಬಂದಿದ್ದರು. ಕೈ ಹಿಂದೆ ಕಟ್ಟಿಕೊಂಡು, ತಲೆ ಸ್ವಲ್ಪ ಬಗ್ಗಿಸಿ, ಕಿರಿಯ ಡಾಕ್ಟರು ಗಂಗಾದೇವಿಯ ಭುಜದ ಹಿಂದೆ ನಿಂತಿದ್ದರು. ಅದೇ ಭಂಗಿಯಲ್ಲಿ ಅವರು ಎಷ್ಟೋ ವರ್ಷ ಗೋದಾಳ ಭುಜದ ಹಿಂದೆ ನಿಂತಿದ್ದರು.

ಆಗ ಇದ್ದದ್ದು ಎಕ್ಸ್‌ರೇ ಮಾತ್ರ. ದೀಪದ ಪೆಟ್ಟಿಗೆಗೆ ಸಿಕ್ಕಿಸಿದ ಫಿಲಂನಲ್ಲಿ ಮಗುವಿನ ಪಕ್ಕೆಲುಬುಗಳು ಮೀನಿನ ಮುಳ್ಳಿನಂತೆ ಕಾಣುತ್ತಿದ್ದವು. ನಡುವೆ ಹೃದಯ, ಅದರ ಮೇಲೆ ಹೊದಿಸಿದಂತೆ ಒಂದು ಮಸುಕು ನೆರಳು. ಅದು ಥೈಮಸ್ ಗ್ರಂಥಿ. ರೋಗವನ್ನು ಎದುರಿಸುವ ರಕ್ತಕಣಗಳು ಪಾಠ ಕಲಿಯುವುದು ಅಲ್ಲೇ. ಒಳಗೊಳಗೆ ಸೋಂಕು ಶುರುವಾದರೆ, ಜ್ವರ ಬರುವ ಮೊದಲೇ, ಮಗು ಹಾಲು ಬಿಡುವ ಮೊದಲೇ, ಅದು ಸೊರಗುವುದುಂಟು. ಚೆನ್ನಾಗಿರುವ ಮಗುವಿನಲ್ಲಿ ಅದರ ಒಂದು ಅಂಚು ಹಾಯಿದೋಣಿಯ ಪಟದಂತೆ ಚೂಪಾಗಿ ಹೊರಚಾಚುತ್ತದೆ. ಗೋದಾ ಹಾಯಿದೋಣಿಯನ್ನು ಕಂಡದ್ದು ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರಿನಲ್ಲಿ ಮಾತ್ರ. ಆದರೆ ಮಕ್ಕಳ ಎದೆಯೊಳಗಿನ ಹಾಯಿಯನ್ನು ಅವಳಷ್ಟು ಬೇಗ ಗುರುತಿಸುವವರು ಆ ಆಸ್ಪತ್ರೆಯಲ್ಲಿ ಇರಲಿಲ್ಲ. "ಗೋದಾ, ನಿಮ್ಮ ಕಣ್ಣಿಗೆ ಮರೆಯಾಗೋದು ಯಾವುದೂ ಇಲ್ಲ ಕಣ್ರೀ," ಎಂದು ಸೇತುರಾಮರು ಒಮ್ಮೆ ಹೇಳಿದ್ದರು. ಅವತ್ತು ಮೇಖ್ರಿ ಸರ್ಕಲ್ಲಿನವರೆಗೂ ಬಸ್ಸಿನ ಕಿಟಕಿಯಲ್ಲಿ ಆ ಮಾತನ್ನೇ ನೋಡುತ್ತ ಹೋಗಿದ್ದಳು. ಹೋದ ವರ್ಷ, ಎಂಬತ್ತಾರರಲ್ಲಿ, ಯಾರೋ ಪುಣ್ಯಾತ್ಮರು ಅಲ್ಟ್ರಾಸೌಂಡ್ ಯಂತ್ರವನ್ನು ದಾನ ಕೊಟ್ಟರು. ಬಸುರಿಯರಿಗೆಂದು ಬಂದ ಯಂತ್ರ. ಅದನ್ನು ಗಾಲಿಯ ಮೇಲೆ ತಳ್ಳಿಕೊಂಡು ಮಕ್ಕಳ ವಾರ್ಡಿಗೆ ತಂದವಳು ಗಂಗಾದೇವಿ. ಬಾಗಲಕೋಟೆ ಕಡೆಯವಳು, ಗೋದಾಳ ಕೈಕೆಳಗೇ ಕಲಿತವಳು, ಮತ್ತಿಕೆರೆಯಲ್ಲಿ ವಿದ್ಯಾರ್ಥಿಗಳ ಗಲಾಟೆಯ ನಡುವೆ ಒಂದು ಕೋಣೆ ಮಾಡಿಕೊಂಡಿದ್ದಾಳೆ. ಎಕ್ಸ್‌ರೇ ಹೊಡೆಯದೆ, ಮಗುವನ್ನು ಕಾವುಪೆಟ್ಟಿಗೆಯಿಂದ ಎತ್ತದೆ, ಎದೆಯ ಮೇಲೆ ಒಂದು ಗುಂಡಿಯಷ್ಟು ಸಾಧನ ಇಟ್ಟು ಆ ಗ್ರಂಥಿಯನ್ನು ವಾರವಾರವೂ ಅಳೆಯಬಹುದು ಎಂದು ತೋರಿಸಿಕೊಟ್ಟಳು. ಸೇತುರಾಮರು ಬಗ್ಗಿ ನೋಡಿ, "ಗಂಗಾದೇವಿ, ನಿಮ್ಮ ಕಣ್ಣಿಗೆ ಮರೆಯಾಗೋದು ಯಾವುದೂ ಇಲ್ಲ," ಎಂದರು. ಪಕ್ಕದಲ್ಲೇ ನಿಂತಿದ್ದ ಗೋದಾ ಸ್ಟೆತಾಸ್ಕೋಪನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಅದು ಪೂರ್ತಿ ಒಳಗೆ ಹೋಗದೆ ಅರ್ಧ ಹೊರಗೆ ಜೋತುಬಿತ್ತು. ಅವರಿಗೆ ನೆನಪೇ ಇಲ್ಲ ಎಂಬುದು ನೋವಿನ ಮಾತಲ್ಲ. ಎರಡು ಸಲವೂ ಅವರು ಮನಸಾರೆ ಹೇಳಿದ್ದರು, ಅದೇ ನೋವು.

"ಬನ್ನಿ ಗೋದಾ, ಇಲ್ಲೊಂದು ಸ್ವಲ್ಪ ನೋಡಿ," ಎಂದರು ಸೇತುರಾಮರು ಈಗ. ಕಾವುಪೆಟ್ಟಿಗೆಯ ದೀಪದ ಬಿಸಿಯಲ್ಲಿ ಹೆಸರಘಟ್ಟದ ಮಗು ಹತ್ತಿಯ ನಡುವೆ ಮಲಗಿತ್ತು, ತುಟಿ ಕನಸಿನಲ್ಲಿ ಹಾಲು ಕುಡಿಯುತ್ತಿತ್ತು. ಗಂಗಾದೇವಿ ತಿರುಗಿ ನೋಡಿ ಕುರ್ಚಿಯಿಂದ ಅರ್ಧ ಎದ್ದಳು. ಅವಳ ಎಡ ಕಂಕುಳಲ್ಲಿ, ಸಾಧನ ಇಡುವ ಮೊದಲು ಮಗುವಿನ ಎದೆಗೆ ಹಚ್ಚುವ ಜೆಲ್ಲಿಯ ಬಾಟಲಿ ಇತ್ತು. ಯಂತ್ರಕ್ಕೆ ತಣ್ಣಗಿರಬೇಕು, ಆದ್ದರಿಂದ ಜೆಲ್ಲಿಯೂ ಯಂತ್ರದ ಕೋಣೆಯಲ್ಲಿ ಕೊರೆಯುತ್ತಿರುತ್ತದೆ. ಅದನ್ನು ಬೆಳಗ್ಗೆಯೇ ತಂದು ಕಂಕುಳಲ್ಲಿ ಅವುಚಿಕೊಂಡು ವಾರ್ಡೆಲ್ಲ ಓಡಾಡುವುದು ಅವಳ ಪದ್ಧತಿ. "ಗಂಗಮ್ಮ ಡಾಕ್ಟ್ರು ಮೊಟ್ಟೆಗೆ ಕಾವು ಕೊಡ್ತಾವ್ರೆ, ಮರಿ ಯಾವಾಗ ಕಣ್ರೀ?" ಎಂದು ಆಯಾ ರತ್ನಕ್ಕ ಕಿಚಾಯಿಸುವುದು, "ನಿನಗ ಎರಡು ಮರಿ ಕೊಡ್ತೀನಿ ತಡಿ ರತ್ನಕ್ಕ," ಎಂದು ಅವಳು ನಗುವುದು, ಇದೆಲ್ಲ ದಿನವೂ ಇದ್ದದ್ದೇ. ಗೋದಾಳಿಗೆ ಆ ನಗುವೂ ಚುಚ್ಚುತ್ತಿತ್ತು. ಇಷ್ಟು ವರ್ಷದಲ್ಲಿ ತನ್ನನ್ನು ಯಾವ ಆಯಾ ಕೂಡ ಕಿಚಾಯಿಸಿರಲಿಲ್ಲ.

"ಹೋದ ವಾರಕ್ಕಿಂತ ಭಾಳ ಸಣ್ಣದಾಗೇದ್ರೀ ಮೇಡಂ," ಎಂದಳು ಗಂಗಾದೇವಿ ಮೆಲ್ಲಗೆ. "ಕೂಸು ಹಾಲು ಕುಡೀತೈತಿ, ತೂಕಾನೂ ಏರೇತಿ. ಖರೆ, ಆದ್ರ ಇದು ಇಷ್ಟು ಇಳೀಬಾರದಿತ್ತು. ಒಳಗ ಏನೋ ಶುರು ಆಗೇತಿ ಅನಸ್ತದ. ಇವತ್ತು ಕಳಸೂದು ಬ್ಯಾಡೇನೋ."

ಅವಳು ಹೇಳಿದ್ದು ನಿಜವಿದ್ದರೆ ಎಂದೇನೂ ಗೋದಾ ಆ ಗಳಿಗೆಯಲ್ಲಿ ಯೋಚಿಸಲಿಲ್ಲ. ತಾನು ಮಾತು ಕೊಟ್ಟ ಮನೆಗೆ ಇವಳು ಬೀಗ ಹಾಕುತ್ತಿದ್ದಾಳೆ ಎಂದಷ್ಟೇ ಅನ್ನಿಸಿತು. ಅದೂ ಸೇತುರಾಮರ ಮುಂದೆ. "ನೋಡ್ತೀನಿ ತಾಳು," ಎಂದು ಕುರ್ಚಿಯಲ್ಲಿ ಕೂತಳು. ಗಂಗಾದೇವಿ ಕಂಕುಳಿನ ಬಾಟಲಿ ತೆಗೆದು ಮುಂದೆ ಹಿಡಿದಳು. ಅವಳ ಮೈಯ ಬಿಸಿ ಹತ್ತಿದ್ದ ಆ ಬಾಟಲಿಯನ್ನು ಮುಟ್ಟಲು ಗೋದಾಳಿಗೆ ಆಗಲಿಲ್ಲ. ಯಂತ್ರದ ತಟ್ಟೆಯಲ್ಲಿದ್ದ ಹೊಸ ಬಾಟಲಿಯನ್ನೇ ತೆಗೆದು ಮಗುವಿನ ಎದೆಗೆ ಹಿಂಡಿದಳು. ಕೊರೆಯುವ ಜೆಲ್ಲಿ ಬಿದ್ದದ್ದೇ ಮಗು ಕೈಕಾಲು ಚಿಮ್ಮಿ, ಮುಖ ಕೆಂಪಾಗಿ, ಉಸಿರನ್ನೆಲ್ಲ ಹೊರಗೆ ಹಾಕಿ ಕಿರುಚಿತು. ಪರದೆಯ ಮೇಲೆ ಗ್ರಂಥಿ ಅಗಲವಾಗಿ ಉಬ್ಬಿತು, ಕೊರಳಿನ ಕಡೆಗೆ ಮೇಲೆದ್ದಿತು. ಗೋದಾ ಗುಂಡಿ ಒತ್ತಿ ಚಿತ್ರವನ್ನು ಹಿಡಿದು ನಿಲ್ಲಿಸಿದಳು. ಎರಡು ಚುಕ್ಕೆ ಇಟ್ಟು ಅಳೆದಳು. "ಎಲ್ಲಿ ಸಣ್ಣದಾಗಿದೆ? ಇಷ್ಟು ದಪ್ಪ ಇದೆಯಲ್ಲ." ಸೇತುರಾಮರು ಕನ್ನಡಕ ಸರಿಮಾಡಿಕೊಂಡು ನೋಡಿ, "ಹೌದಲ್ರೀ, ದೊಡ್ಡದಾಗೇ ಇದೆ. ಅನುಭವ ಅಂದ್ರೆ ಅನುಭವವೇ," ಎಂದರು. ಆ ಒಂದು ಮಾತಿಗೆ ಗೋದಾಳ ಕೆನ್ನೆ ಬೆಚ್ಚಗಾಯಿತು. ಗಂಗಾದೇವಿ ಏನೋ ಹೇಳಲು ಬಾಯಿ ತೆರೆದವಳು, ಗೋದಾಳ ಮುಖ ನೋಡಿ, ಸೇತುರಾಮರ ಮುಖ ನೋಡಿ, ಸುಮ್ಮನಾದಳು. ಬೆಚ್ಚಗಿನ ಒದ್ದೆಬಟ್ಟೆಯಿಂದ ಮಗುವಿನ ಎದೆ ಒರೆಸಿ ಕಾಲಿಗೆ ಹತ್ತಿ ಹೊದಿಸಿದಳು. "ಆಗ್ಲಿ ಬಿಡ್ರಿ ಮೇಡಂ. ನೀವು ಅಂದಂಗ ಆಗ್ಲಿ."

ಗೆದ್ದೆ ಎಂದುಕೊಂಡು ಗೋದಾ ಹೊರರೋಗಿಗಳ ಕೋಣೆಗೆ ಹೋದಳು. ಕೆಮ್ಮುವ ಮಕ್ಕಳು, ಹುಳುಕಡ್ಡಿಯ ಮಕ್ಕಳು, ಚುಚ್ಚುಮದ್ದಿನ ಸೂಜಿ ಕಾಣುವ ಮೊದಲೇ ಅಳಲು ಶುರು ಮಾಡುವ ಮಕ್ಕಳು. ಒಬ್ಬನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರೆ ಅವನು ಅಳುತ್ತಿದ್ದಾನೆ, ಏನೂ ಕೇಳಿಸುತ್ತಿಲ್ಲ. "ಸುಮ್ನಿರಿಸಿ ಅಮ್ಮ, ಅಳುವಾಗ ಎದೆ ನೋಡೋಕಾಗಲ್ಲ," ಎಂದಳು. ಬಾಯಿಂದ ಹೊರಬಿದ್ದ ತನ್ನದೇ ಮಾತು ಗೋಡೆಗೆ ತಗುಲಿ ವಾಪಸು ಬಂದ ಹಾಗಾಯಿತು. ಎಲ್ಲಿ ಕೇಳಿದ್ದೆ ಇದನ್ನು? ದೀಪದ ಪೆಟ್ಟಿಗೆಯ ಮುಂದೆ, ಇದೇ ಆಸ್ಪತ್ರೆಯ ಪಾಠದ ಕೋಣೆಯಲ್ಲಿ, ಬೆಂಚಿನ ಮೇಲೆ ಎಣ್ಣೆ ಹಾಕಿ ಬಿಗಿದ ಜಡೆಯ ಹುಡುಗಿಯೊಬ್ಬಳು ಕಣ್ಣು ಮಿಟುಕಿಸದೆ ಕೂತಿದ್ದಳು. "ಅಳುವ ಮಗುವಿನ ಫಿಲಂ ನಂಬಬೇಡಿ," ಎಂದು ಹೇಳುತ್ತಿದ್ದವಳು ಗೋದಾ. "ಉಸಿರು ಹೊರಗೆ ಹಾಕುವಾಗ ಈ ಗ್ರಂಥಿ ಉಬ್ಬಿ ಕಾಣುತ್ತೆ. ಸೊರಗಿದ್ದೂ ಪುಷ್ಟಿಯಾದ ಹಾಗೆ ಕಾಣುತ್ತೆ. ಮಗು ಮಲಗೋವರೆಗೆ ಕಾಯಿರಿ. ಕಾಯೋಕೆ ಪುರುಸೊತ್ತಿಲ್ಲದವರು ಮಕ್ಕಳ ಡಾಕ್ಟರು ಆಗಬೇಡಿ." ಎಲ್ಲರೂ ನಕ್ಕಿದ್ದರು. ಜಡೆಯ ಹುಡುಗಿ ಮಾತ್ರ ನಗದೆ ತಲೆ ಆಡಿಸಿದ್ದಳು.

ಗೋದಾ ಪೆನ್ನು ಕೆಳಗಿಟ್ಟಳು. ಗಂಗಾದೇವಿಗೆ ಗೊತ್ತಿತ್ತು. ಬಾಯಿ ತೆರೆದಾಗ ಅವಳ ನಾಲಿಗೆಯ ಮೇಲೆ ಇದ್ದದ್ದು ಅದೇ ವಾಕ್ಯ. ಮೇಡಂ, ನೀವೇ ಹೇಳಿದ್ರಿ. ಅಷ್ಟು ಅಂದಿದ್ದರೆ ಸೇತುರಾಮರ ಮುಂದೆ ಗೋದಾ ಎಷ್ಟು ಚಿಕ್ಕವಳಾಗುತ್ತಿದ್ದಳು ಎಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕೇ ನುಂಗಿಕೊಂಡಳು. ಇದು ತಿಳಿದ ಮೇಲೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಇನ್ನೂ ಕಹಿಯಾದ ಹೊಟ್ಟೆಕಿಚ್ಚು. ಕಣ್ಣು ಅವಳದು, ಕೈ ಅವಳದು, ಮಕ್ಕಳು ಸುಮ್ಮನಾಗುವುದು ಅವಳಿಗೆ, ಈಗ ಒಳ್ಳೆಯತನವೂ ಅವಳದೇ. ತನಗೆ ಉಳಿದದ್ದು ಏನು? ಅಜ್ಜಿಯ ಬೆರಳು. ಚಿಟಿಕೆ ಹೊಡೆದು ಅಳಿಸಿ, ಗಟ್ಟಿ ಕೂಸು ಎಂದು ನೆಂಟರ ಮುಂದೆ ತೋರಿಸಿದ ಬೆರಳು. ಆದರೆ ಅಜ್ಜಿ ಆ ಮಗುವನ್ನು ಮೊರದಲ್ಲಿಟ್ಟು ಬಸ್ಸು ಹತ್ತಿಸಿರಲಿಲ್ಲ. ಈಗ ಸುಮ್ಮನಿದ್ದುಬಿಡಬಹುದು. ಮಗು ಚೆನ್ನಾಗಿಯೂ ಇರಬಹುದು. ಗಂಗಾದೇವಿಯ ಅಳತೆಯೇ ತಪ್ಪಿರಬಹುದು, ಯಂತ್ರ ಹೊಸದು, ಯಾರು ಕಂಡವರು? ಹೀಗೆ ಮೂರು ನಾಲ್ಕು ಸಲ ಅಂದುಕೊಂಡು ನೋಡಿದಳು. ಒಂದು ಸಲವೂ ಆ ಸಮಾಧಾನ ನಿಲ್ಲಲಿಲ್ಲ. ಹಾಲು ಕುಡಿಯುತ್ತಿದ್ದ ಆ ತುಟಿ ಮಾತ್ರ ಕಣ್ಣಿಗೆ ಕಟ್ಟಿತ್ತು. ಎದುರು ಕೂತ ತಾಯಿ, "ಡಾಕ್ಟ್ರೇ, ಇವನಿಗೆ ಟಾನಿಕ್ ಬೇಡ್ವಾ?" ಎಂದಳು. "ಒಂದ್ನಿಮಿಷ ಅಮ್ಮ, ಬಂದೆ," ಎಂದು ಗೋದಾ ಎದ್ದಳು.

ವರಾಂಡದ ಬೆಂಚು ಖಾಲಿ. ಸಾಂಬ್ರಾಣಿಯ ವಾಸನೆ ಮಾತ್ರ ಇತ್ತು. "ಆಗ್ಲೇ ಓದ್ರು ಕಣಮ್ಮ, ಬಸ್ಸಿಗೆ ಒತ್ತಾಯ್ತು ಅಂತ," ಎಂದಳು ರತ್ನಕ್ಕ, ಬಕೆಟ್ಟು ಹಿಡಿದು. ಗೋದಾ ಗೇಟು ದಾಟಿ ರಸ್ತೆಗೆ ಬಂದಳು. ಬಿಳಿ ಕೋಟು ಆಷಾಢದ ಗಾಳಿಗೆ ಹಿಂದಕ್ಕೆ ಹಾರುತ್ತಿತ್ತು. ಸೀರೆಯ ನೆರಿಗೆ ಒಂದು ಕೈಯಲ್ಲಿ. ಟೀ ಅಂಗಡಿಯ ಮುಂದೆ ನಿಂತವರು ತಿರುಗಿ ನೋಡಿದರು. ಓಡುವ ಹೆಂಗಸಿನಲ್ಲಿ ಏನೋ ನಗೆಪಾಟಲು ಇರುತ್ತದೆ, ಐವತ್ತು ದಾಟಿದವಳಾದರೆ ಕೇಳುವುದೇ ಬೇಡ. ಬಸ್ ನಿಲ್ದಾಣದಲ್ಲಿ ಮುನಿವೆಂಕಟಯ್ಯ ಮಗುವಿದ್ದ ಮೊರವನ್ನು ಎದೆಗೆ ಆನಿಸಿಕೊಂಡು ನಿಂತಿದ್ದ. ಅವನ ಮಗಳು, ಇನ್ನೂ ತಾನೇ ಕೂಸಿನಂತಿದ್ದ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿದ್ದಳು. ಹೆಸರಘಟ್ಟದ ಬಸ್ಸು ಬಂದು ನಿಲ್ಲುತ್ತಿತ್ತು.

"ಹತ್ತಬೇಡಿ," ಎಂದಳು ಗೋದಾ ಏದುಸಿರಿನಲ್ಲಿ. "ವಾಪಸು ಬನ್ನಿ. ಇವತ್ತು ಹೋಗೋದು ಬೇಡ."

"ಇದೇನ್ ಡಾಕ್ಟ್ರಮ್ಮ! ಬೆಳಿಗ್ಗೆ ಓಗಿ ಅಂದ್ರಿ, ಈಗ ಬ್ಯಾಡ ಅಂತೀರ. ಅಟ್ಟೀಲಿ ಎಲ್ರೂ ಕಾಯ್ತಾವ್ರೆ. ಬಾಗ್ಲಿಗೆ ಮಾವಿನ್ ಸೊಪ್ಪು ಕಟ್ಟವ್ರೆ."

"ಹತ್ತೋರು ಹತ್ರೀ, ಬಿಡೋರು ಬಿಡ್ರೀ! ಸಂಸಾರದ ಮಾತು ಆಮೇಲೆ ಆಡ್ಕೊಳ್ಳಿ!" ಎಂದು ಕಂಡಕ್ಟರು ಮೆಟ್ಟಿಲ ಮೇಲಿಂದ ಕೂಗಿದ. ಬಸ್ಸಿನ ಕಿಟಕಿಗಳಿಂದ ಮುಖಗಳು ಇಣುಕಿದವು. ಇನ್ನೊಂದು ಪರೀಕ್ಷೆ ಬಾಕಿ ಇದೆ ಎನ್ನಬಹುದಿತ್ತು. ಔಷಧಿ ಕೊಡುವುದು ಮರೆತೆವು ಎನ್ನಬಹುದಿತ್ತು. ಎರಡೂ ಸುಳ್ಳು ಬಾಯಿಯ ತನಕ ಬಂದವು. ಮುನಿವೆಂಕಟಯ್ಯನ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಅಂಥ ಮಾತಿಗೆ ಅವನು ಇಳಿಯುವುದಿಲ್ಲ, ನಾಳೆ ಬರುತ್ತೇನೆ ಎನ್ನುತ್ತಾನೆ. "ನಾನು ತಪ್ಪು ನೋಡಿದೆ, ಯಜಮಾನರೇ," ಎಂದಳು ಗೋದಾ. ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಆ ಇನ್ನೊಬ್ಬ ಡಾಕ್ಟರು ಹೇಳಿದ್ದೇ ಸರಿ. ಮಗುವಿಗೆ ಒಳಗೆ ಕಾಯಿಲೆ ಶುರುವಾಗಿರಬಹುದು." ಮುದುಕ ಅವಳನ್ನೇ ನೋಡಿದ. ಮೊರದೊಳಗೆ ನೋಡಿದ. ಮೆಟ್ಟಿಲಿನಿಂದ ಕಾಲು ತೆಗೆದ. ಬಸ್ಸು ಹೊಗೆ ಬಿಟ್ಟು ಹೊರಟಿತು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋದಾಳ ಮೈಯಿಂದ ಒಂದು ಕಡೆ ಜಾರಿದ್ದ ಕೋಟನ್ನು ಅವನ ಮಗಳು ಹೆದರುತ್ತಲೇ ಹಿಡಿದು ಭುಜಕ್ಕೆ ಏರಿಸಿದಳು.

ವಾರ್ಡಿನಲ್ಲಿ ಗಂಗಾದೇವಿ ಕಾವುಪೆಟ್ಟಿಗೆಯ ದೀಪವನ್ನು ಇನ್ನೂ ಆರಿಸಿರಲಿಲ್ಲ. ಹತ್ತಿಯೂ ಹೊಸದಾಗಿ ಹಾಸಿತ್ತು. ಗೋದಾ ಅದನ್ನು ನೋಡಿದಳು. ಜೆಲ್ಲಿಯ ಬಾಟಲಿಯನ್ನು ತೆಗೆದು ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಆ ತಂಪಿಗೆ ಅವಳ ಮೈ ಒಮ್ಮೆ ನಡುಗಿತು. ಕಿಚಾಯಿಸಲು ಬಾಯಿ ತೆರೆದ ರತ್ನಕ್ಕ ಬಕೆಟ್ಟು ಎತ್ತಿಕೊಂಡು ಹೋದಳು. ತಾಯಿ ಹಾಲು ಕೊಟ್ಟಳು. ಇವತ್ತು ಮಗು ಅರ್ಧಕ್ಕೇ ಬಿಟ್ಟಿತು. ನಿದ್ದೆ ಬರುವವರೆಗೂ ಗೋದಾ ಕಾದಳು. ಜೆಲ್ಲಿ ಎದೆಗೆ ತಗುಲಿದ್ದೇ ಮಗುವಿಗೆ ತಿಳಿಯಲಿಲ್ಲ. ರಾಗಿಹಿಟ್ಟಿನಲ್ಲಿ ಉಪ್ಪಿನ ಹರಳು ಬಿದ್ದಂತೆ ಸಣ್ಣ ಬಿಳಿ ಚುಕ್ಕೆಗಳ ಆ ಬೂದು ಗ್ರಂಥಿ, ತುಂಬಿಕೊಂಡು ಇರಬೇಕಾದದ್ದು, ಒಣಗಿದ ಎಲೆಯ ಹಾಗೆ ಹೃದಯಕ್ಕೆ ಅಂಟಿಕೊಂಡಿತ್ತು. ಹಾಯಿ ಇಳಿದುಬಿಟ್ಟಿತ್ತು. ಸೇತುರಾಮರನ್ನು ಕರೆಸಿ ಅವರ ಮುಂದೆಯೇ ಹೇಳಿದಳು: "ಬೆಳಿಗ್ಗೆ ಮಗು ಅಳ್ತಾ ಇತ್ತು ಸಾರ್. ಗಂಗಾ ನೋಡಿದ್ದೇ ಸರಿ." ಅವರು ರಕ್ತ ಪರೀಕ್ಷೆಗೆ ಕಳಿಸಿ, ಕಾಯುವುದು ಬೇಡ, ಇಂಜೆಕ್ಷನ್ ಈಗಲೇ ಶುರು ಮಾಡೋಣ ಎಂದರು. ಹೋಗುವಾಗ ಗಂಗಾದೇವಿಯ ಕಡೆ ನೋಡಿ, "ಭೇಷ್," ಎಂದರು. ಗೋದಾಳಿಗೆ ಏನೂ ಅನ್ನಲಿಲ್ಲ. ತಪ್ಪು ಒಪ್ಪಿಕೊಂಡದ್ದಕ್ಕೆ ಯಾರಾದರೂ ಏನಾದರೂ ಅನ್ನುತ್ತಾರೆ ಎಂದು ತಾನು ಕಾಯುತ್ತಿದ್ದೆ ಎಂಬುದು, ಅವರು ಬಾಗಿಲು ದಾಟಿದ ಮೇಲೆ ಅವಳಿಗೆ ತಿಳಿಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಗು ಮೊದಲ ಸಲ ಉಸಿರಾಡುವುದನ್ನು ಮರೆಯಿತು. ತುಟಿ ನೀಲಿಯಾಗುವುದನ್ನು ಗೋದಾಳೇ ಕಂಡಳು, ಪಕ್ಕದಲ್ಲೇ ಕೂತಿದ್ದಳಲ್ಲ. ಅಂಗಾಲಿಗೆ ಬೆರಳಿನಿಂದ ಟಪ್ಪೆಂದು ಒಂದು ಚಿಟಿಕೆ. ಮಗು ಬೆಚ್ಚಿ ಉಸಿರೆಳೆದುಕೊಂಡಿತು. ಎದೆ ಮತ್ತೆ ಏರಿತು, ಇಳಿಯಿತು. ಬೆಳಿಗ್ಗೆ ತಡೆಯದಿದ್ದರೆ, ಈ ಹೊತ್ತಿಗೆ ಬಸ್ಸು ಹೆಸರಘಟ್ಟ ಮುಟ್ಟಿ, ಮಾವಿನ ಸೊಪ್ಪಿನ ಬಾಗಿಲಲ್ಲಿ, ಸಾಂಬ್ರಾಣಿಯ ಹೊಗೆಯಲ್ಲಿ, ಮಗು ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದೆ ಎಂದು ಎಲ್ಲರೂ ಮೊರದೊಳಗೆ ಬಗ್ಗಿ ನೋಡುತ್ತಿದ್ದರು. ಅವಳು ಬೆರಳನ್ನು ಅಂಗಾಲಿನಿಂದ ತೆಗೆಯಲಿಲ್ಲ. ಮತ್ತೊಮ್ಮೆ ಮರೆಯಿತು, ಮತ್ತೊಮ್ಮೆ ಚಿಟಿಕೆ. ಅಂಗಾಲು ಅವಳ ಹೆಬ್ಬೆರಳಿನ ಉಗುರಿನಷ್ಟೇ ಅಗಲವಿತ್ತು. ಬದುಕುತ್ತದೋ ಇಲ್ಲವೋ ಎರಡು ಮೂರು ದಿನ ಕಳೆಯದೆ ಯಾರೂ ಹೇಳುವಂತಿರಲಿಲ್ಲ. ಕಿಟಕಿಯಾಚೆ ಗೂಡ್ಸ್ ರೈಲು ಹೋಗುತ್ತಲೇ ಇತ್ತು, ಮುಗಿಯುವ ಹಾಗೆ ಕಾಣಲಿಲ್ಲ.

ಗಂಗಾದೇವಿ ಬಂದು ಪಕ್ಕದ ಸ್ಟೂಲಿನಲ್ಲಿ ಕೂತಳು. ಕೈಯಲ್ಲಿ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ. ಗೋದಾ ಬೆಳಗ್ಗೆಯಿಂದ ಏನೂ ತಿಂದಿಲ್ಲ ಎಂದು ರತ್ನಕ್ಕ ಹೇಳಿರಬೇಕು, ಅಥವಾ ಹೇಳದೆಯೂ ಇವಳಿಗೆ ಗೊತ್ತಾಗಿರಬೇಕು. ಗೋದಾಳ ಬಲಗೈ ಪೆಟ್ಟಿಗೆಯೊಳಗಿತ್ತು. "ಗಂಗಾ," ಎಂದಳು ಗೋದಾ, ಅವಳ ಕಡೆ ತಿರುಗದೆ. "ಬೆಳಿಗ್ಗೆ ನೀನು ಹೇಳಬಹುದಿತ್ತು."

"ಹೇಳಬೇಕಿತ್ರೀ ಮೇಡಂ," ಎಂದಳು ಗಂಗಾದೇವಿ. "ಬಸ್ ಸ್ಟ್ಯಾಂಡಿಗೆ ಹೋಗಬೇಕಂತ ಕೋಟು ಬಿಚ್ಚಿಟ್ಟಿದ್ದೆ. ಅಷ್ಟರಾಗ ನೀವು ಓಡೂದು ಕಿಟಕಿಯಾಗ ಕಾಣಿಸ್ತು."

ಅವಳು ಪೆಟ್ಟಿಗೆಯೊಳಗೆ ಕೈ ತೂರಿಸಿ, ಗೋದಾಳ ಬೆರಳಿನ ಪಕ್ಕದಲ್ಲಿ ತನ್ನ ಬೆರಳು ಇಟ್ಟಳು. ಒಂದು ಗಳಿಗೆ ಎರಡೂ ಬೆರಳು ಆ ಅಂಗಾಲಿನಡಿಯಲ್ಲಿ ಇದ್ದವು, ಜಾಗ ಸಾಲಲಿಲ್ಲ. ಗೋದಾ ತನ್ನದನ್ನು ತೆಗೆದಳು. ಮಗುವಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಅದೇ ಲಯದಲ್ಲಿ ಉಸಿರಾಡುತ್ತಿತ್ತು. ಗೋದಾಳ ಎದೆಯೊಳಗೆ ಆ ಹಳೆಯ ಕಿಚ್ಚು ಮತ್ತೆ ಚಿಟುಕೆಂದಿತು. ಗಂಗಾದೇವಿ ಮಗುವಿನಿಂದ ಕಣ್ಣು ತೆಗೆಯದೆ, ಎಡಗೈಯಿಂದ ಡಬ್ಬಿಯನ್ನು ಗೋದಾಳ ಮಡಿಲಿಗೆ ಸರಿಸಿದಳು. ಮುಚ್ಚಳವನ್ನು ಆಗಲೇ ಸಡಿಲ ಮಾಡಿ ತಂದಿದ್ದಳು. ಜೋಳದ ರೊಟ್ಟಿ, ಮೇಲೆ ಬದನೆಕಾಯಿ ಪಲ್ಯ, ಒಂದು ಮೂಲೆಯಲ್ಲಿ ಶೇಂಗಾ ಚಟ್ನಿ. ರೊಟ್ಟಿ ಇನ್ನೂ ಬೆಚ್ಚಗಿತ್ತು.